ಅವ್ವನಿಗೆ ನಾನು ಮಾಡಿದ ತರ್ಜುಮೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಮ್ಮ ಅವ್ವನ ಎದೆಯ ಗಂಟಿನ ಬಗ್ಗೆ ಮಿರಜಿನ ಡಾಕ್ಟರು ಅತಿ ಮುಖ್ಯವಾದ ಮಾತು ಹೇಳುತ್ತಿದ್ದಾಗ ನಾನು ಅವರ ಮೂಗು ನೋಡುತ್ತ ನಿಂತಿದ್ದೆ. ಕನ್ನಡಕ ಜಾರಿದಾಗ ಅವರು ಕೈಯಿಂದ ಏರಿಸುತ್ತಿರಲಿಲ್ಲ. ಮೊಲದ ಹಾಗೆ ಮೂಗು ಸುಕ್ಕಿಸಿದರೆ ಕನ್ನಡಕ ತಾನಾಗಿ ಮೇಲೆ ಹೋಗುತ್ತಿತ್ತು. ಮಾತಿನ ನಡುವೆ ಮರಾಠಿಯಲ್ಲಿ ‘ಕಾಯ?’, ಅಂದರೆ ‘ಏನು?’ ಎಂದು ತಮ್ಮನ್ನೇ ಕೇಳಿಕೊಂಡು ‘ಹಂ’ ಎಂದು ತಾವೇ ಉತ್ತರ ಕೊಟ್ಟುಕೊಳ್ಳುತ್ತಿದ್ದರು. ನಕಲು ಮಾಡುವವನಿಗೆ ಇಂಥ ಸರಕು ದಿನಾ ಸಿಗುವುದಿಲ್ಲ. ನಮ್ಮೂರು ಹಾರೂಗೇರಿಯ ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತ ಇದನ್ನು ಮಾಡಿ ತೋರಿಸಿದರೆ ಎಂಥ ಮಜಾ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಅವರು ‘ಕರ್ಕರೋಗ’ ಎಂದರು. ಹಾಗೆಂದರೆ ಕ್ಯಾನ್ಸರ್ ಎಂದು ನನಗೆ ಗೊತ್ತಿತ್ತು. ಮಜಾ ಅಲ್ಲಿಗೆ ಮುಗಿಯಿತು.

ಪಕ್ಕದಲ್ಲಿ ಕುಳಿತ ಅವ್ವ ನನ್ನ ತೋಳು ಜಗ್ಗಿದಳು. “ಏನಂತೋ?”

“ಏನಿಲ್ಲ ಬೇ ಯವ್ವಾ. ಹಾಲಿನ ಗಂಟಂತ.”

ಆ ಸುಳ್ಳು ಎಲ್ಲಿಂದ ಬಂತೋ ಗೊತ್ತಿಲ್ಲ, ಬಾಯಿಗೆ ಮಾತ್ರ ಸರಳವಾಗಿ ಬಂತು. ನಾನು ಕಡೆಯ ಮಗ. ನಾಲ್ಕು ವರ್ಷದವನಾದರೂ ಹಾಲು ಬಿಡದೆ ಓಣಿಗೆಲ್ಲ ಚೇಷ್ಟೆಯಾಗಿದ್ದವನು. ಅವ್ವ ಕೂಡಲೇ ನಂಬಿದಳು. ಅಷ್ಟೇ ಅಲ್ಲ, ಸ್ವಲ್ಪ ಜಂಬವೂ ಪಟ್ಟಳು. “ನೋಡು, ನೀ ಕುಡದು ಉಳಸಿದ್ದದು,” ಎಂದಳು.

ನನಗೆ ಆಗ ಇಪ್ಪತ್ತೆರಡು. ಊರಲ್ಲಿ ನನ್ನನ್ನು ‘ರೇಡಿಯೋ ಬಸ್ಯಾ’ ಎನ್ನುತ್ತಿದ್ದರು. ಹೆಡ್ಮಾಸ್ತರರ ಕೆಮ್ಮು, ಕಂಡಕ್ಟರನ ಸೀಟಿ, ಎಮ್ಮೆ ಕರುವನ್ನು ಕರೆಯುವ ದನಿ ಎಲ್ಲ ಬರುತ್ತಿತ್ತು. ನನ್ನ ದನಿಗೆ ಕರು ಓಡಿಬಂದು, ನನ್ನ ಮುಖ ನೋಡಿ ಬೇಜಾರಾಗಿ ತಿರುಗಿ ಹೋಗುತ್ತಿತ್ತು. ಮರಾಠಿ ಕಲಿತದ್ದು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ. ಎರಡು ವರ್ಷ ಗುಮಾಸ್ತನಾಗಿದ್ದೆ. ಒಮ್ಮೆ ಮಾಲೀಕರ ದನಿಯಲ್ಲಿ ಫೋನ್ ಎತ್ತಿ ಮಾತಾಡಿದೆ. ಆ ತುದಿಯಲ್ಲಿದ್ದವರು ಮಾಲೀಕರೇ ಆಗಿದ್ದರಿಂದ ಮನೆಗೆ ಬಂದೆ. ಅವ್ವನ ತವರು ಪಾಲಬಾವಿ. ಮರಾಠಿಯಲ್ಲಿ ಅವಳಿಗೆ ಬರುತ್ತಿದ್ದುದು ‘ಕಾಯ’, ‘ನಕೋ’, ಅಂದರೆ ‘ಏನು’, ‘ಬೇಡ’ ಎರಡೇ. ಮಿರಜಿನಲ್ಲಿ ಅರ್ಧ ಊರಿಗೆ ಕನ್ನಡ ಬರುತ್ತದೆ. ಚಹಾದವನಿಗೆ, ಆಯಾಗಳಿಗೆ, ರಿಕ್ಷಾದವರಿಗೆ. ನಮ್ಮ ಡಾಕ್ಟರು ಮಾತ್ರ ದೂರದಿಂದ ಹೊಸದಾಗಿ ಬಂದವರು. ಹೀಗಾಗಿ ಆ ಇಬ್ಬರ ನಡುವಿನ ಸೇತುವೆ ನಾನಾದೆ. ಸೇತುವೆಯ ಮೇಲೆ ಬೇರೆ ಯಾರೂ ಕಾಲಿಡದ ಹಾಗೆ ಅಡ್ಡ ನಿಂತವನೂ ನಾನೇ.

ಆ ಗಂಟನ್ನು ಅವ್ವ ಐದು ತಿಂಗಳು ಕುಪ್ಪಸದೊಳಗೆ ಇಟ್ಟುಕೊಂಡು ಜೋಳ ಕೊಯ್ದಿದ್ದಳು, ಎಮ್ಮೆಗೆ ಹಿಂಡಿ ಕಲಸಿದ್ದಳು, ನನಗೆ ಹೆಣ್ಣು ನೋಡಿ ಬಂದಿದ್ದಳು. ಅಪ್ಪನ ಅಕ್ಕ, ಕಾಗವಾಡದ ಅತ್ತಿ, ನಮ್ಮನೆಗೆ ಬಂದಾಗ ಅವ್ವನಿಗೆ ನೀರೆರೆದು ಬೆನ್ನುಜ್ಜುವಾಗ ಗಂಟಿಗೆ ಕೈ ತಾಗಿಸಿದಳು. “ಇದೇನವಾ ಗೌರವ್ವ, ಲಿಂಬಿಕಾಯಿ ಮುಚ್ಚಿಟ್ಟೀದಿ?” ಎಂದು ಗದರಿ, ಮರುದಿನವೇ ಹಾರೂಗೇರಿಯ ಡಾಕ್ಟರಿಗೆ ತೋರಿಸಿದಳು. ಅವರು ಮುಖ ಗಂಭೀರ ಮಾಡಿ ಮಿರಜಿಗೆ ಚೀಟಿ ಬರೆದುಕೊಟ್ಟರು.

ನಿಜವನ್ನು ಹೇಳಿದ್ದು ಅಪ್ಪನಿಗೆ ಮತ್ತು ಅತ್ತಿಗೆ. ಅಪ್ಪ ಎದ್ದುಹೋಗಿ ಎಮ್ಮೆಯ ಮೈ ತೊಳೆದ. ಮಧ್ಯಾಹ್ನ ಮತ್ತೆ ತೊಳೆದ. ಆ ವಾರವಿಡೀ ದಿನಕ್ಕೆ ಮೂರು ಸಲ ತೊಳೆದು ಎಮ್ಮೆ ಕನ್ನಡಿಯಂತಾಯಿತು. ಹೋಗಿಬರುವವರು ಮಾರಾಟಕ್ಕಿದೆಯೇ ಎಂದು ಕೇಳತೊಡಗಿದರು. ಅತ್ತಿ ಮಾತ್ರ, “ಗೌರವ್ವಗ ಹೇಳಬ್ಯಾಡ್ರಿ, ಎದಿ ಒಡಕೋತಾಳ,” ಎಂದಳು. ನನ್ನ ಸುಳ್ಳಿಗೆ ಹಿರಿಯರ ಆಶೀರ್ವಾದವೂ ಸಿಕ್ಕಿತು.

ಆಸ್ಪತ್ರೆಯ ಬೆಂಚುಗಳ ಬಗ್ಗೆ ಒಂದು ಮಾತು ಹೇಳಬೇಕು. ನೀವೂ ಅಲ್ಲಿ ಕುಳಿತಿದ್ದರೆ ನಿಮಗೆ ಗೊತ್ತಿರುತ್ತದೆ. ಎಲ್ಲರೂ ಎಕ್ಸ್‌ರೇ ಲಕೋಟೆಯನ್ನು ಹೊಸ ಸೀರೆಯ ಹಾಗೆ ಎದೆಗವಚಿ ಕುಳಿತಿರುತ್ತಾರೆ. ಗಂಡಸರು ಪೇಪರಿನ ಒಂದೇ ಸಾಲನ್ನು ಒಂದು ತಾಸು ಓದುತ್ತಾರೆ. ಹೆಸರು ಕರೆಯುವವನು ನಮ್ಮ ಹೆಣ್ಣುಮಕ್ಕಳ ಹೆಸರಿನ ಮೂಳೆ ಮುರಿಯುತ್ತಿದ್ದ. ಅವನು ಒಳಗೆ ಹೋದ ಮೇಲೆ ನಾನು ಅವನ ದನಿಯಲ್ಲಿ ಒಂದೊಂದೇ ಹೆಸರು ಕೂಗುತ್ತಿದ್ದೆ. ಸೆರಗು ಬಾಯಿಗೆ ಹಚ್ಚಿ ಸಾಲಿಗೆ ಸಾಲೇ ನಗುತ್ತಿತ್ತು. ಅಪರಿಚಿತ ಮುದುಕಿಯೊಬ್ಬಳು ನನಗೆ ಒಂದು ಬೊಗಸೆ ಸೇಂಗಾ ಕೊಟ್ಟಳು. ನನ್ನ ಜೀವನದ ಮೊದಲ ಸಂಭಾವನೆ ಅದು.

ಆಪರೇಷನ್ ಆಯಿತು. ಎಚ್ಚರವಾದಾಗ ಅವ್ವ ಬ್ಯಾಂಡೇಜಿನ ಮೇಲೆ ಕೈಯಾಡಿಸಿ, ಬಲಗಡೆ ಮುಟ್ಟಿ, ಮತ್ತೆ ಎಡಗಡೆ ಮುಟ್ಟಿದಳು.

“ಗಂಟ ಅಷ್ಟ ತಗೀತಾರ ಅಂದಿದ್ದೆಲ್ಲ?”

“ಬೇರು ಆಳಕ್ಕ ಹೋಗಿತ್ತಂತ ಬೇ.”

ಅವ್ವ ನನ್ನನ್ನು ಬಹಳ ಹೊತ್ತು ನೋಡಿದಳು. ನಾನು ಯಾರನ್ನು ಬೇಕಾದರೂ ನಕಲು ಮಾಡಬಲ್ಲೆ, ಆ ನೋಟ ಮಾತ್ರ ಇವತ್ತಿಗೂ ಬಂದಿಲ್ಲ.

ಗಾಯ ಮಾಯ್ದ ಮೇಲೆ ಇಪ್ಪತ್ತೈದು ಸಲ ರೇಡಿಯೇಷನ್ ಮಷಿನ್ನಿನ ಕೆಳಗೆ ಮಲಗಬೇಕಿತ್ತು. ಅಲ್ಲಿಯವರು ಅದಕ್ಕೆ ‘ಶೇಕ’, ಅಂದರೆ ಕಾವು ಕೊಡುವುದು ಎನ್ನುತ್ತಿದ್ದರು. ವಾರಕ್ಕೆ ಐದು ದಿನದಂತೆ ಐದು ವಾರ. ಹಾರೂಗೇರಿಯಿಂದ ದಿನಾ ಹೋಗಿಬರಲಾಗದು ಎಂದು ಕಾಗವಾಡದ ಅತ್ತಿಯ ಮನೆಯಲ್ಲಿ ಉಳಿದೆವು. ಅಲ್ಲಿಂದ ಮಿರಜಿಗೆ ಬೆಳಗಿನ ಬಸ್ಸು. ಅವ್ವನಿಗೆ ನಾನು ಹೇಳಿದ್ದು, ಫೋಟೋ ತೆಗೆಯುತ್ತಾರೆ ಎಂದು.

“ಇಪ್ಪತ್ತೈದ ಫೋಟೋ ಯಾಕೋ?”

“ನೀ ನಗೂದಿಲ್ಲಲ್ಲ ಬೇ, ಒಂದ ಸಲಕ್ಕ ಚಂದ ಬರಂಗಿಲ್ಲ.”

ಶುರುವಿಗೆ ಮುನ್ನ ಅವ್ವನ ಎದೆಯ ಮೇಲೆ ನೇರಳೆ ಶಾಯಿಯಿಂದ ಗೆರೆ ಎಳೆದರು. ಡಾಕ್ಟರು ನನ್ನತ್ತ ತಿರುಗಿ ನಿಧಾನವಾಗಿ ಮರಾಠಿಯಲ್ಲಿ ಹೇಳಿದರು: ಈ ಗೆರೆ ನೋಡಿಯೇ ಮಷಿನ್ ಹಿಡಿಯುತ್ತೇವೆ, ಮುಗಿಯುವವರೆಗೆ ಇದನ್ನು ಒರೆಸಬಾರದು, ತೊಳೆಯಬಾರದು. ಇದನ್ನು ಹೇಗೆ ಹೇಳಲಿ? ಫೋಟೋ ತೆಗೆಯಲು ಗೆರೆ ಯಾಕೆ ಎಂದು ಅವ್ವ ಕೇಳುತ್ತಾಳೆ. ಒಂದು ಸುಳ್ಳನ್ನು ನಿಲ್ಲಿಸಲು ಇನ್ನೊಂದು ಬೇಕು, ನನ್ನ ಬಳಿ ಅವತ್ತು ತಯಾರಿರಲಿಲ್ಲ. ಆ ಮಾತನ್ನೇ ನುಂಗಿದೆ. ಮಾಯ್ದ ಗಾಯ ಮತ್ತೆ ಬಿಚ್ಚೀತೆಂಬ ಭಯಕ್ಕೆ ಅವ್ವ ಹೇಗೂ ಸೊಂಟದ ಕೆಳಗೆ ಮಾತ್ರ ನೀರು ಹಾಕಿಕೊಳ್ಳುತ್ತಿದ್ದಳು. ನಡೆಯುತ್ತದೆ ಅಂದುಕೊಂಡೆ.

ಅದೇ ಬಸ್ಸಿನಲ್ಲಿ ಮಿರಜಿಗೆ ಹೋಗುವ ಹೆಂಗಸರು ಇನ್ನೂ ನಾಲ್ವರಿದ್ದರು, ಎಲ್ಲರೂ ಇದೇ ಕಾಯಿಲೆಯವರು. ಕಾಗವಾಡದ ಸರ್ಕಾರಿ ದವಾಖಾನೆಯ ಸುಮನ್ ಸಿಸ್ಟರ್ ಇದನ್ನು ಗಮನಿಸಿ, ರವಿವಾರ ಎಲ್ಲರೂ ಒಂದು ಕಡೆ ಸೇರಲಿ ಎಂದು ಅತ್ತಿಯ ಪಡಸಾಲೆ ಕೇಳಿದರು. ಹೆದರಿಕೆ ಒಳಗೇ ಕುಳಿತರೆ ಊಟ ನಿದ್ದೆ ಎರಡನ್ನೂ ತಿನ್ನುತ್ತದೆ ಎಂಬುದು ಅವರ ಮಾತು. ಮೊದಲು ಆಪರೇಷನ್ ಆದ ಕಡೆಯ ತೋಳಿನ ಕಸರತ್ತು: ಗೋಡೆಯ ಮೇಲೆ ಬೆರಳುಗಳನ್ನು ಇರುವೆಯ ಹಾಗೆ ಹತ್ತಿಸುವುದು. ಆಮೇಲೆ ಒಂದು ಕ್ಯಾಸೆಟ್ಟು. ಮೈಮನಸ್ಸು ಸಡಿಲ ಬಿಡುವುದು ಹೇಗೆಂದು ಹೇಳುವ ಆ ಕ್ಯಾಸೆಟ್ಟು ಪೂರಾ ಮರಾಠಿಯಲ್ಲಿತ್ತು. ಹೆಂಗಸರು ಪುರಾಣಕ್ಕೆ ಕುಳಿತವರ ಹಾಗೆ ಕೈಮುಗಿದು ಕೇಳಿದರು. ಟೇಪು ತಿರುಗಿಸಲು ಹೊಸ್ತಿಲಲ್ಲಿ ಕುಳಿತಿದ್ದ ನನಗೆ ಸಿಸ್ಟರ್, “ಬಸು, ನೀನ ಕನ್ನಡದಾಗ ಹೇಳಪಾ,” ಎಂದರು.

ಕೇಳಬೇಕೇ? ಗಂಟಲು ಸರಿಮಾಡಿಕೊಂಡು ಧಾರವಾಡ ಆಕಾಶವಾಣಿಯ ವಾರ್ತೆಯ ದನಿ ತೆಗೆದೆ. “ಈಗ ತಾವೆಲ್ಲರೂ ತಮ್ಮ ನೇತ್ರಗಳನ್ನು ಮುಚ್ಚಿಕೊಳ್ಳಿರಿ. ತಾವು ಸಮುದ್ರತೀರದಲ್ಲಿ ಪವಡಿಸಿದ್ದೀರಿ. ಅಲೆಗಳು ತಮ್ಮ ಪಾದಗಳನ್ನು ಸ್ಪರ್ಶಿಸುತ್ತಿವೆ.”

ಅನಂತಪುರದ ಚಂದ್ರವ್ವ ಒಂದು ಕಣ್ಣು ತೆರೆದಳು. ಕುರಿ ಕಾಯುವ ಮನೆತನದವಳು, ಐವತ್ತೈದರ ಗಟ್ಟಿ ಹೆಂಗಸು. “ಅಲ್ಲೋ ತಮ್ಮಾ, ಸಮುದ್ರದ ನೀರು ಉಪ್ಪಂತಲ್ಲೋ?”

“ಹೂನ್ರಿ ಆಯಿ.”

“ಕುರಿ ಕುಡ್ಯಾಂಗಿಲ್ಲ?”

“ಇಲ್ರಿ.”

“ಮತ್ತ ಅಲ್ಲಿಗ್ಯಾಕ ಹೋಗೂದು? ಹೊಳಿ ಸತ್ತಾವೇನು?”

ಸುಮನ್ ಸಿಸ್ಟರ್ ನಗುತ್ತ ಟೇಪು ಬಂದ್ ಮಾಡಿದರು. “ನೀವ ಹೇಳ್ರಿ ಹಂಗಾರ. ನಿಮ್ಮ ಮನಸ್ಸು ಎಲ್ಲಿ ತಣ್ಣಗಾಕೈತಿ?”

ಚಂದ್ರವ್ವ ಯೋಚಿಸಿ ಹೇಳಿದಳು. “ನಡು ಮಧ್ಯಾಹ್ನ. ಬಿಸಲಿಗೆ ಕುರಿ ಮೇಯೂದು ಬಿಟ್ಟು ನಿಂದರತಾವ. ಒಂದರ ಹೊಟ್ಟಿ ಕೆಳಗ ಇನ್ನೊಂದು ತಲಿ ಹಾಕಿ ನಿಂದರತಾವ. ಎಲ್ಲಾವೂ ಒಂದ ದಮ್ಮಿನಾಗ ಉಸರಾಡತಾವ. ಆವಾಗ ಕಾಯಾವ್ರು ಏನೂ ಮಾಡೂದಿರಂಗಿಲ್ಲ. ಕೋಲಿಗೆ ಗದ್ದ ಹಚ್ಚಿ ನಿಂತ್ರ ಸಾಕು.”

ಅವಳು ಹೇಳಿ ಮುಗಿಸುವಷ್ಟರಲ್ಲಿ ಕಣ್ಣು ಮುಚ್ಚಿದ ಐವರು ಹೆಂಗಸರು ಒಂದೇ ದಮ್ಮಿನಲ್ಲಿ ಉಸಿರಾಡುತ್ತಿದ್ದರು. ಅವ್ವನ ಹುಬ್ಬುಗಳ ನಡುವಿನ ಗಂಟು ಸಡಿಲಾದದ್ದನ್ನು ನಾನು ಆಪರೇಷನ್ ಆದಮೇಲೆ ಮೊದಲ ಸಲ ಕಂಡೆ. ಕ್ಯಾಸೆಟ್ಟಿನ ಜೊತೆಗೆ ನನ್ನ ಆಕಾಶವಾಣಿಯೂ ಅಲ್ಲಿಗೆ ಬಂದ್ ಆಯಿತು.

ಮೊದಲ ರವಿವಾರವಾದ್ದರಿಂದ ಸೆರಗಿನೊಳಗಿನ ಮಾತು ಯಾರೂ ಆಡಲಿಲ್ಲ. ಕಾಯಿಲೆಯ ಹೆಸರನ್ನೂ ಹಿಡಿಯಲಿಲ್ಲ. ‘ಇದು’ ಎನ್ನುತ್ತಿದ್ದರು, ಬಿಟ್ಟರೆ ‘ಅದು’. ನನ್ನ ಸುಳ್ಳು ಆ ನೆರಳಿನಲ್ಲಿ ಸುಖವಾಗಿತ್ತು.

ಮರುವಾರದ ನಡುವೆ ಎಳ್ಳಮವಾಸ್ಯೆ ಬಂತು. ನಮ್ಮ ಕಡೆ ಅಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಅಡಿಗೆಯ ಒಂದು ಪಾಲನ್ನು ಭೂಮಿತಾಯಿಗೆ ಚರಗವೆಂದು ಚೆಲ್ಲಿ ಉಣ್ಣುತ್ತಾರೆ. ಅವ್ವನಿಗೆ ಶೇಕ ಕೊಡಿಸಿಕೊಂಡು ಬಂದ ನಾನು ಕಾಗವಾಡದ ಬಸ್ ಸ್ಟ್ಯಾಂಡಿನಲ್ಲಿ ಯಾರಿಗೋ ಡಾಕ್ಟರ ಮೂಗು ತೋರಿಸುತ್ತ ನಿಂತೆ. ಅವ್ವ ಮನೆಗೆ ಹೋಗಿ, ಗಾಯ ಪೂರಾ ಗಟ್ಟಿಯಾಗಿದೆ ಎಂದು ನೋಡಿ, ಕಡಲೆಹಿಟ್ಟು ಹಚ್ಚಿ ತಲೆಯಿಂದ ಕಾಲಿನವರೆಗೆ ಎರೆದುಕೊಂಡಳು. ಮೈಮೇಲೆ ಶಾಯಿ ಇಟ್ಟುಕೊಂಡು ಭೂಮಿತಾಯಿಯ ಮುಂದೆ ಹೋಗುವುದುಂಟೇ? ಉಜ್ಜಿ ಉಜ್ಜಿ ತೊಳೆದಳು. ಅತ್ತಿಯ ಹೊಲದಲ್ಲಿ ಕಡುಬು ತಿನ್ನುತ್ತ, “ಇವತ್ತ ಮೈ ಹಗರಾತ ನೋಡು,” ಎಂದಾಗಲೂ ನನಗೆ ಹೊಳೆಯಲಿಲ್ಲ. ನನ್ನ ಗಮನವೆಲ್ಲ ಬದನೆಕಾಯಿ ಪಲ್ಯದ ಮೇಲಿತ್ತು.

ಮರುದಿನ ಮಷಿನ್ನಿನ ಕೋಣೆಗೆ ಹೋದ ಅವ್ವ ಎರಡೇ ನಿಮಿಷದಲ್ಲಿ ಹೊರಗೆ ಬಂದಳು. ಹಿಂದೆಯೇ ಡಾಕ್ಟರು. ಸಿಟ್ಟಿಗಿಂತ ಗಾಬರಿ ಹೆಚ್ಚಿತ್ತು ಅವರ ದನಿಯಲ್ಲಿ. ಗೆರೆ ಹೇಗೆ ಹೋಯಿತು? ಅಂದಾಜಿನ ಮೇಲೆ ಮಷಿನ್ ಹಿಡಿದರೆ ಒಳ್ಳೆಯ ಮಾಂಸ ಸುಡುತ್ತದೆ, ಕ್ಯಾನ್ಸರ್ ಉಳಿಯುತ್ತದೆ. ಮೊದಲಿನಿಂದ ಅಳತೆ ಮಾಡಬೇಕು, ಸೋಮವಾರ ಬನ್ನಿ. ಒರೆಸಬಾರದೆಂದು ಮೊದಲೇ ಹೇಳಿದ್ದನ್ನು ನೀನು ಇವರಿಗೆ ತಿಳಿಸಲಿಲ್ಲವೇ?

ಎಲ್ಲವೂ ಮರಾಠಿಯಲ್ಲಿ. ನಾನು ಹೊಸ ಸುಳ್ಳಿಗಾಗಿ ತಲೆ ಕೆರೆಯುತ್ತಿದ್ದೆ. ಬೆಂಚಿನ ಮೇಲೆ ತನ್ನ ಸರದಿಗೆ ಕುಳಿತಿದ್ದ ಚಂದ್ರವ್ವ ಎದ್ದಳು. ಪ್ರತಿ ವರ್ಷ ಕುರಿ ಹೊಡೆದುಕೊಂಡು ಮಹಾರಾಷ್ಟ್ರದ ಹೊಲಗಳಲ್ಲಿ ತಿಂಗಳುಗಟ್ಟಲೆ ಇರುವವಳಿಗೆ ಮರಾಠಿ ನನಗಿಂತ ಚೆನ್ನಾಗಿ ಬರುತ್ತಿತ್ತು. ಇದು ನನಗೆ ಗೊತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ.

“ಗೌರವ್ವ, ಗೀಟು ಯಾಕ ಅಳಿಸಿದ್ಯವಾ? ಕ್ಯಾನ್ಸರ್ ಮ್ಯಾಲ ನೆಟ್ಟಗ ಬೀಳಬೇಕಂತ ಹಾಕಿದ್ದರಲ್ಲವಾ ಅವನ್ನ,” ಎಂದಳು.

ಅವ್ವ ನನ್ನ ಕಡೆ ನೋಡಲಿಲ್ಲ. “ಕ್ಯಾನ್ಸರಾ?” ಎಂದಳು. ಚಂದ್ರವ್ವ ಅವ್ವನ ಮುಖ ನೋಡಿದಳು, ಆಮೇಲೆ ನನ್ನ ಮುಖ. ಅವಳಿಗೆ ಅರ್ಥವಾಯಿತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವ್ವ ಕಿಟಕಿಯ ಪಕ್ಕ ಕುಳಿತಳು. ನಾನು ಪಕ್ಕ ಕೂರಲು ಹೋದೆ, ಅವಳು ಅಲ್ಲಿ ತನ್ನ ಚೀಲ ಇಟ್ಟಳು. ಮನೆಗೆ ಬಂದು ಸೀರೆ ಮಡಿಚಿ ಗಂಟು ಕಟ್ಟಿದಳು. ಸೋಮವಾರ ಹಾರೂಗೇರಿಗೆ ಹೋಗುತ್ತೇನೆ, ಇನ್ನು ಮಿರಜಿಗೆ ಬರುವುದಿಲ್ಲ ಎಂದಳು. ಆಗಿದ್ದದ್ದು ಎಂಟು ಸಲ. ಹದಿನೇಳು ಉಳಿದಿತ್ತು. ಅತ್ತಿ ಅತ್ತಳು, ಬೈದಳು, ದೇವರ ಆಣೆ ಹಾಕಿದಳು. ಅವ್ವನದು ಒಂದೇ ಮಾತು: “ನನ್ನ ಮೈಯಾಗಿಂದು ಊರಿಗೆಲ್ಲಾ ಗೊತ್ತೈತಿ, ನನಗೊಬ್ಬಾಕಿಗೆ ಗೊತ್ತಿಲ್ಲ. ಯಾರ ಮಾತ ಕೇಳಿ ಆ ಮಷಿನಿನ ಕೆಳಗ ಮಲಗ್ಲಿ?”

ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಆ ಮೂರು ದಿನ ನಾನು ಯಾರ ನಕಲನ್ನೂ ಮಾಡಲಿಲ್ಲ. ಅತ್ತಿ ನನಗೂ ಮೈ ಸರಿಯಿಲ್ಲವೇನೋ ಎಂದು ಹಣೆ ಮುಟ್ಟಿ ನೋಡಿದಳು.

ರವಿವಾರ ಹೆಂಗಸರು ಬಂದರು. ಸೀರೆಯ ಗಂಟು ಮೂಲೆಯಲ್ಲಿತ್ತು. ಅವ್ವ ಅದರ ಪಕ್ಕ ಕುಳಿತಿದ್ದಳು. ಯಾರೂ ಉಪದೇಶ ಮಾಡಲಿಲ್ಲ. ನಾನು ಹೊಸ್ತಿಲಲ್ಲಿ ನಿಂತು ಕ್ಷಮೆ ಕೇಳಲು ಶುರುಮಾಡಿದೆ. ಎರಡು ವಾಕ್ಯಕ್ಕೇ ಕಣ್ಣೊರೆಸಿಕೊಂಡೆ. ಚಂದ್ರವ್ವ ಕೈಯೆತ್ತಿ ತಡೆದಳು.

“ಅದನ್ನ ಆಮ್ಯಾಲ ಅಳು. ಡಾಕ್ಟರ್ ಮೊದಲನೇ ದಿನ ಏನೇನ ಅಂದ್ರು, ನೆಪ್ಪೈತಿ?”

“ಐತ್ರಿ. ಪೂರಾ ಐತಿ.”

“ಮಾಡಿ ತೋರಸು. ಒಂದ ಶಬ್ದ ಕೂಡಸಬ್ಯಾಡ, ಕಳೀಬ್ಯಾಡ. ನೀ ಅವರಂಗ ಮರಾಠಿಯಾಗ ಅನ್ನು. ನಾವು ತಿಳಿಸಿ ಹೇಳತೀವಿ.”

ಅವತ್ತು ಡಾಕ್ಟರ ಮೂಗು, ‘ಕಾಯ’, ‘ಹಂ’ ಎಲ್ಲವನ್ನೂ ಹಿಡಿಯಲು ನಾನು ಪ್ರತಿ ಶಬ್ದವನ್ನೂ ತಲೆಯಲ್ಲಿ ತುಂಬಿಕೊಂಡಿದ್ದೆ. ಕುರ್ಚಿ ತಂದು ಕುಳಿತೆ. ಮೂಗು ಸುಕ್ಕಿಸಿದೆ. ಒಬ್ಬರೂ ನಗಲಿಲ್ಲ. ನಾನು ಒಂದು ವಾಕ್ಯ ಹೇಳುವುದು, ಚಂದ್ರವ್ವ ಅದನ್ನು ಕನ್ನಡಕ್ಕೆ ತರುವುದು, ಅವಳಿಗೆ ತಿಳಿಯದ ಕಡೆ ಸುಮನ್ ಸಿಸ್ಟರ್ ಬಿಡಿಸಿ ಹೇಳುವುದು. ಇದು ಕ್ಯಾನ್ಸರ್. ಎದೆ ತೆಗೆಯಬೇಕು. ಬಗಲಲ್ಲಿ ಇದ್ದರೆ ಅದನ್ನೂ ತೆಗೆಯುತ್ತೇವೆ. ಬೇರೆ ಕಡೆ ಹೋದಂತೆ ಕಾಣುತ್ತಿಲ್ಲ. ಆಮೇಲೆ ಶೇಕ ಕೊಡಬೇಕು, ಪೂರಾ ಮುಗಿಸಿದರೆ ತಿರುಗಿ ಬರುವ ಸಂಭವ ಕಡಿಮೆ. ಅರ್ಧಕ್ಕೆ ಬಿಟ್ಟರೆ ಮಾಡಿದ್ದೂ ಹೊಳೆಯಲ್ಲಿ ಹೋಯಿತು.

ಅವ್ವ ಕೇಳುತ್ತಲೇ ಇದ್ದಳು. ಅವಳ ಮುಖ ನೋಡಲಾಗದೆ ನಾನು ಡಾಕ್ಟರ ದನಿಯಲ್ಲೇ ಒಂದು ವಾಕ್ಯ ಸೇರಿಸಿದೆ: ನೂರಕ್ಕೆ ನೂರು ಆರಾಮಾಗುತ್ತಾರೆ, ಗ್ಯಾರಂಟಿ.

ಚಂದ್ರವ್ವ ತಿಳಿಸಿ ಹೇಳಿದ ಕೂಡಲೇ ಅವ್ವ ಬಾಯಿ ಬಿಟ್ಟಳು. “ಇದು ಡಾಕ್ಟರ್ ಅಂದದ್ದಲ್ಲ. ಇದು ನಿಂದು. ಮುಂದ ಏನಂದ್ರು, ಅದನ್ನ ಹೇಳು.”

ಮುಂದೆ ಒಂದು ಮಾತು ಉಳಿದಿತ್ತು. ಅದನ್ನು ನಾನು ಅಷ್ಟು ದಿನ ನೆನಪಿಸಿಕೊಳ್ಳಲೂ ಹೋಗಿರಲಿಲ್ಲ. ಡಾಕ್ಟರು ಕನ್ನಡಕ ತೆಗೆದಿಟ್ಟು ಅಂದಿದ್ದನ್ನು ಹಾಗೇ ಅಂದೆ: ತಾಯಿಗೆ ತಿಳಿಸಿ ಹೇಳು, ಅಂಜಿದರೆ ನನ್ನ ಹತ್ತಿರ ಕರೆದುಕೊಂಡು ಬಾ, ಸಂಜೆಯವರೆಗೆ ಇಲ್ಲೇ ಇರುತ್ತೇನೆ.

“ಹಂಗಂದ್ರಾ?” ಎಂದಳು ಅವ್ವ. “ಅಂಜಿದ್ರ ಕರಕೊಂಡ ಬಾ ಅಂದ್ರಾ?”

“ಹೂಂ ಬೇ.”

“ನಾ ಅಂಜಿದ್ದೆ,” ಎಂದಳು.

ಇಷ್ಟು ದಿನದಲ್ಲಿ ಅವಳ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಎದುರಿಗಿದ್ದವಳೊಬ್ಬಳು “ನಾನೂ” ಎಂದಳು. ಮತ್ತೊಬ್ಬಳು, ಮಗ್ಗುಲಲ್ಲಿ ಗಂಡ ಗೊರಕೆ ಹೊಡೆಯುವಾಗ ತಾನು ತೊಲೆ ಎಣಿಸುತ್ತೇನೆ ಎಂದಳು. ‘ಇದು’ ‘ಅದು’ ಎಂಬುದೆಲ್ಲ ಹೋಗಿ ಹೆಸರು ಹಿಡಿದೇ ಮಾತಾಡತೊಡಗಿದರು. ತೆಗೆದ ಎದೆ, ಸುಟ್ಟ ಚರ್ಮ, ಹೊರಳದ ತೋಳು ಎಲ್ಲ ಬಂತು. ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು. ಒಳಗೆ ಒಮ್ಮೆ ಅಳು ಕೇಳಿತು, ಆಮೇಲೆ ನಗು. ಆ ನಗು ನನ್ನ ಮೇಲೆಯೇ ಇದ್ದಿರಬೇಕು. ಎರಡು ತಾಸಿನ ಮೇಲೆ ಬಾಗಿಲು ತೆರೆದಾಗ ಅವ್ವ ಚಂದ್ರವ್ವನನ್ನು ಕೇಳುತ್ತಿದ್ದಳು: “ನಾಳಿ ಬಸ್ಸು ಎಷ್ಟಕ್ಕ ಅಂದಿ?”

ಇದೆಲ್ಲ ಆಗಿ ಈಗ ಆರು ವರ್ಷ. ಅವ್ವ ಉಳಿದ ಹದಿನೇಳೂ ಮುಗಿಸಿದಳು. ಚರ್ಮ ಕಪ್ಪಾಯಿತು, ಸುಲಿಯಿತು, ತಿರುಗಿ ಬಂತು. ಎಡಗೈ ಪೂರಾ ಮೇಲೆ ಹೋಗುತ್ತದೆ. ಹಾಗೆ ಮೇಲೆ ಹೋಗುತ್ತದೆ ಎಂಬುದನ್ನು ನನ್ನ ಬೆನ್ನಿನ ಮೇಲೆ ಆಗಾಗ ಸಾಬೀತು ಮಾಡುತ್ತಾಳೆ. ತಪಾಸಣೆಗೆ ಹೋಗುವ ಹಿಂದಿನ ದಿನ ಇವತ್ತಿಗೂ ಅವಳಿಗೆ ಅನ್ನ ಸೇರುವುದಿಲ್ಲ. ಆಗ ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಕುರಿ ಉಸಿರಾಡಿದಂತೆ ಉಸಿರಾಡುತ್ತಾಳೆ. ನಿಮ್ಮ ಮನೆಯಲ್ಲೂ ಯಾರಿಗಾದರೂ ಹೀಗಾಗಿದ್ದರೆ, ಅವರಿಗೆ ಗೊತ್ತಿಲ್ಲವೆಂದು ನೀವು ಅಂದುಕೊಂಡಿದ್ದರೆ, ದಯಮಾಡಿ ಹೇಳಿಬಿಡಿ. ಅವರ ಅರ್ಧ ಭಯ ನಮ್ಮ ಮುಖ ನೋಡಿಯೇ ಹುಟ್ಟಿರುತ್ತದೆ.

ತರ್ಜುಮೆಯ ಕೆಲಸ ನನ್ನ ಕೈಬಿಟ್ಟದ್ದು ಮಾತ್ರ ಆ ಸೋಮವಾರವೇ. ಹೊಸ ಗೆರೆ ಎಳೆಯಲು ಅವ್ವನ ಹೆಸರು ಕರೆದರು. ಅಭ್ಯಾಸಬಲದಿಂದ ನಾನು ಎದ್ದೆ. ಅವ್ವ ನನ್ನ ಹೆಗಲ ಮೇಲೆ ಕೈಯಿಟ್ಟು ತಿರುಗಿ ಬೆಂಚಿನ ಮೇಲೆ ಕೂರಿಸಿ, ಚಂದ್ರವ್ವನ ಕೈಹಿಡಿದು ಹೊರಟಳು. ಬಾಗಿಲಲ್ಲಿ ಆಯಾ ಅಡ್ಡ ಬಂದಳು. ಅವಳಿಗೆ ಕನ್ನಡ ಬರುತ್ತಿತ್ತು.

“ಮನೀಯವರು ಒಬ್ಬರ ಒಳಗ ಹೋಗೂದ್ರಿ. ಮಗ ಇಲ್ಲೇ ಅದಾನಲ್ಲ, ಅವನ್ನ ಕರಕೊಂಡ ಹೋಗ್ರಿ. ಈಕಿ ನಿಮಗ ಏನಾಗಬೇಕು?”

ಬೆಂಚಿನ ಮೇಲಿದ್ದವರೆಲ್ಲ ಕೇಳುವ ಹಾಗೆ ಅವ್ವ ಹೇಳಿದಳು:

“ಸುಳ್ಳು ಹೇಳಾಕ ಮನೀಯವರು ಭಾಳ ಮಂದಿ ಅದಾರವಾ, ಅವರು ಹೊರಗ ಕುಂಡರಲಿ. ಖರೇ ಹೇಳಾಕ ನನಗಿರಾಕಿ ಈಕಿ ಒಬ್ಬಾಕಿ, ಒಳಗ ಬಿಡು.”